ಕೊಳ್ಳುವ ಮೊದಲು ಸಣ್ಣ ಪಿಕಪ್ ಬಾಡಿಗೆಗೆ ತಂದು ನೋಡುವುದು: ಎಷ್ಟು ದಿನ, ಏನೇನು ಪರೀಕ್ಷೆ?

ಮರ_ಉಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪೀಠೋಪಕರಣದ ಕೆಲಸಕ್ಕೆ ಒಂದು ಸಣ್ಣ ಪಿಕಪ್ ಬೇಕಾಗಿದೆ. ವಾರಕ್ಕೊಂದು ಲೋಡು ಪ್ಲೈವುಡ್ ತರಬೇಕು. ಹಲಗೆಯ ಅಳತೆ 2440 × 1220 ಮಿಮೀ, ದಪ್ಪ 18 ಮಿಮೀ, ಒಂದು ಸಲಕ್ಕೆ ಹತ್ತರಿಂದ ಹದಿನೈದು ಹಲಗೆ. ಮುಗಿದ ಬೀರು, ಮೇಜು ತಲುಪಿಸುವುದೂ ಇರುತ್ತದೆ. ಉಳಿದ ದಿನ ಮನೆಯ ನಾಲ್ಕು ಜನ ಅದರಲ್ಲೇ ಓಡಾಡುವಂತಿದ್ದರೆ ಒಳ್ಳೆಯದು ಅಂತ ಎರಡು ಸಾಲು ಸೀಟಿನ ಡಬಲ್ ಕ್ಯಾಬ್ ಕಡೆ ಮನಸ್ಸಿದೆ. ಹಿಲಕ್ಸ್, ಡಿ-ಮ್ಯಾಕ್ಸ್, ರೇಂಜರ್ ವರ್ಗದ್ದು.

ಶೋರೂಮಿನವರು ಕೊಡುವ ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಏನೂ ತಿಳಿಯುವುದಿಲ್ಲ. ಹಾಗಾಗಿ ಬಾಡಿಗೆಗೆ ತಂದು ನೋಡುವ ಯೋಚನೆ. ಎಷ್ಟು ದಿನಕ್ಕೆ ತರಬೇಕು? ಖಾಲಿ ಓಡಿಸಿದರೆ ಸಾಕೇ, ಲೋಡು ಹಾಕಲೇಬೇಕೇ? ಬಾಡಿಗೆ ಕರಾರಿನಲ್ಲಿ ಏನು ನೋಡಿಕೊಳ್ಳಬೇಕು?

---

ಕೀಲೆಣ್ಣೆ ಉತ್ತರ:

ಮೂರು ದಿನಕ್ಕೆ ತನ್ನಿ. ಒಂದು ದಿನ ಖಾಲಿ, ಒಂದು ದಿನ ನಿಮ್ಮದೇ ಪ್ಲೈವುಡ್ ಲೋಡು, ಒಂದು ದಿನ ಮನೆಯವರ ಜೊತೆ. ಲೋಡು ಹಾಕದೆ ವಾಪಸ್ ಕೊಟ್ಟರೆ ಬಾಡಿಗೆ ಕೊಟ್ಟದ್ದು ದಂಡ. ಪಿಕಪ್ ಖಾಲಿ ಇದ್ದಾಗ ಒಂದು ಗಾಡಿ, ಅರ್ಧ ಟನ್ ಹೊತ್ತಾಗ ಬೇರೆಯದೇ ಗಾಡಿ.

ಆದರೆ ಬುಕ್ ಮಾಡುವ ಮೊದಲು ಟೇಪ್ ಹಿಡಿದು ಅಳೆಯಿರಿ. ನೀವು ಹೇಳಿದ ವರ್ಗದಲ್ಲಿ ಡಬಲ್ ಕ್ಯಾಬ್‌ನ ಲೋಡ್ ಬಾಡಿ (ಸಾಮಾನು ಹೇರುವ ಹಿಂದಿನ ತೊಟ್ಟಿ) ಸುಮಾರು 1.5 ಮೀಟರ್ ಉದ್ದ, ಒಂದೇ ಸಾಲು ಸೀಟಿನ ಸಿಂಗಲ್ ಕ್ಯಾಬ್‌ನದು ಸುಮಾರು 2.3 ಮೀಟರ್. ನಿಮ್ಮ ಹಲಗೆ 2.44 ಮೀಟರ್. ಅಂದರೆ ಡಬಲ್ ಕ್ಯಾಬ್‌ನಲ್ಲಿ 90 ಸೆಂಟಿಮೀಟರಿಗೂ ಹೆಚ್ಚು ಹೊರಗೆ ಚಾಚುತ್ತದೆ. ಅಗಲದ್ದು ಇನ್ನೊಂದು ತಕರಾರು. ಬಾಡಿಯ ಒಟ್ಟು ಅಗಲ ಸಾಕಷ್ಟಿದ್ದರೂ ಎರಡು ಚಕ್ರದ ಉಬ್ಬುಗಳ ನಡುವಿನ ಅಗಲ ಎಷ್ಟೋ ಮಾಡೆಲ್‌ಗಳಲ್ಲಿ 1220 ಮಿಮೀಗಿಂತ ಕಡಿಮೆ. ಬ್ರೋಷರ್‌ನಲ್ಲಿ ದೊಡ್ಡದಾಗಿ ಹಾಕುವುದು ಮೇಲಿನ ಅಗಲ. ನಿಮಗೆ ಬೇಕಾದದ್ದು ಉಬ್ಬುಗಳ ನಡುವಿನದು. ಅದು ಸಾಲದಿದ್ದರೆ ಹಲಗೆ ನೆಲದ ಮೇಲೆ ಮಲಗುವುದಿಲ್ಲ. ಉಬ್ಬುಗಳಷ್ಟೇ ಎತ್ತರಕ್ಕೆ ಬರುವಂತೆ ಎರಡು ಮೂರು ಅಡ್ಡಪಟ್ಟಿ ಮರ ಕೊಟ್ಟು ಅದರ ಮೇಲೆ ಹಾಸಬೇಕು. ಉಬ್ಬಿನ ತಗಡಿನ ಮೇಲೇ ನೇರವಾಗಿ 500 ಕೆಜಿ ಇಟ್ಟರೆ ತಗಡು ಬಾಗುತ್ತದೆ.

ಈಗ ತೂಕ. 18 ಮಿಮೀ ಪ್ಲೈವುಡ್ ಒಂದು ಹಲಗೆ ಮರದ ಜಾತಿ ನೋಡಿಕೊಂಡು ಸುಮಾರು 30ರಿಂದ 36 ಕೆಜಿ. ಅದೇ ಅಳತೆಯ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದರೆ 40ರ ಹತ್ತಿರ. ಹದಿನೈದು ಹಲಗೆಗೆ 500 ಕೆಜಿ ಅಂತ ಇಟ್ಟುಕೊಳ್ಳಿ. ಪೇಲೋಡ್ (ಗಾಡಿ ಹೊರಬಹುದಾದ ಭಾರ) ಒಂದು ಟನ್ ಅಂತ ಬರೆದಿರುವ ಗಾಡಿಗೆ ಇದು ಲೆಕ್ಕವೇ ಅಲ್ಲ ಅನ್ನಿಸುತ್ತದೆ. ಎಡವುವುದು ಇಲ್ಲೇ, ಭಾರ ಎಷ್ಟು ಎನ್ನುವಷ್ಟೇ ಅದು ಎಲ್ಲಿ ಕೂರುತ್ತದೆ ಎನ್ನುವುದೂ ಮುಖ್ಯ.

ಡಬಲ್ ಕ್ಯಾಬ್‌ನಲ್ಲಿ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಇರುವುದು ಬಾಡಿಯ ಮುಂಗೋಡೆಯಿಂದ ಅರ್ಧ ಮೀಟರಿನ ಆಸುಪಾಸಿನಲ್ಲಿ. ಉದಾಹರಣೆಗೆ 45 ಸೆಂಟಿಮೀಟರ್ ಅಂತ ತೆಗೆದುಕೊಳ್ಳೋಣ. ಹಲಗೆಯನ್ನು ಮುಂಗೋಡೆಗೆ ಒತ್ತಿಟ್ಟರೂ ಅದರ ನಡು 122 ಸೆಂಟಿಮೀಟರ್‌ನಲ್ಲಿ ಬರುತ್ತದೆ, ಅಂದರೆ ಆಕ್ಸಲ್‌ನಿಂದ 77 ಸೆಂಟಿಮೀಟರ್ ಹಿಂದೆ. ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 3.1 ಮೀಟರ್ ಆದರೆ 500 × 0.77 ÷ 3.1 = 124. ಮುಂದಿನ ಚಕ್ರಗಳ ಮೇಲಿಂದ 124 ಕೆಜಿ ಭಾರ ಕಳೆದುಹೋಗುತ್ತದೆ, ಹಿಂದಿನ ಆಕ್ಸಲ್ ಮೇಲೆ 500ರ ಬದಲು 624 ಬೀಳುತ್ತದೆ. ಸ್ಟಿಯರಿಂಗ್ ಹಗುರವಾಗುತ್ತದೆ, ಮಳೆಯಲ್ಲಿ ತಿರುವಿನಲ್ಲಿ ಮುಂದಿನ ಟೈರು ಹಿಡಿಯುವುದಿಲ್ಲ, ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಒಟ್ಟು ಪೇಲೋಡ್ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ತನ್ನ ಮಿತಿಯ ಹತ್ತಿರಕ್ಕೆ ಹೋಗಬಹುದು. ಅದೇ ಲೋಡು ಸಿಂಗಲ್ ಕ್ಯಾಬ್‌ನಲ್ಲಿ? ಮುಂಗೋಡೆಯಿಂದ ಆಕ್ಸಲ್‌ಗೆ ಸುಮಾರು 1.2 ಮೀಟರ್ ಇರುವುದರಿಂದ ಹಲಗೆಯ ನಡು ಹೆಚ್ಚುಕಡಿಮೆ ಆಕ್ಸಲ್ ಮೇಲೇ ಕೂರುತ್ತದೆ. ಮುಂದಿನ ಭಾರ ಕಳೆಯುವುದೇ ಇಲ್ಲ.

ಬಾಡಿಗೆಗೆ ತಂದಾಗ ಈ ಲೆಕ್ಕವನ್ನು ವೇಬ್ರಿಡ್ಜ್‌ನಲ್ಲಿ ತಾಳೆ ನೋಡಿ. ಟ್ಯಾಂಕ್ ತುಂಬಿಸಿ, ಖಾಲಿ ಬಾಡಿಯಲ್ಲಿ ಪೂರ್ತಿ ಗಾಡಿ ಒಮ್ಮೆ, ಬರೀ ಹಿಂದಿನ ಚಕ್ರ ಒಮ್ಮೆ. ಹಲಗೆ ಹೇರಿದ ಮೇಲೆ ಮತ್ತೆ ಎರಡೂ. ಬಾಗಿಲ ಕಂಬದ ತಗಡಿನಲ್ಲಿ ಬರೆದಿರುವ ಒಟ್ಟು ತೂಕದ ಮಿತಿಯಿಂದ ತೂಗಿದ ಖಾಲಿ ತೂಕ ಕಳೆದರೆ ಬರುವುದೇ ನಿಜವಾದ ಪೇಲೋಡ್. ಮಿತಿ 3000, ಖಾಲಿ ತೂಕ 2100 ಬಂದರೆ 900. ಅದರಲ್ಲಿ ಚಾಲಕ, ಸಹಾಯಕ ಸೇರಿ 150 ಹೋದರೆ ಸಾಮಾನಿಗೆ 750. ಕ್ಯಾನೊಪಿ, ಕಬ್ಬಿಣದ ಬಂಪರ್, ಟೋ ಹುಕ್ ಏನೇ ಹಾಕಿಸಿದರೂ ಇದರಲ್ಲೇ ಕಳೆಯಬೇಕು. ಕೆಲವು ಕಂಪನಿಗಳು 75 ಕೆಜಿಯ ಚಾಲಕನನ್ನು ಖಾಲಿ ತೂಕದಲ್ಲೇ ಸೇರಿಸಿರುತ್ತವೆ, ಕೆಲವು ಸೇರಿಸುವುದಿಲ್ಲ. ಬ್ರೋಷರ್‌ನಲ್ಲಿರುವ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವವರು ಇದನ್ನು ಗಮನಿಸಬೇಕು.

---

ನಾಲ್ಕನೇ_ಗೇರು ಉತ್ತರ:

ಕೀಲೆಣ್ಣೆಯವರು ತೂಕದ ವಿಷಯ ಹೇಳಿದ್ದಾರೆ, ನಾನು ಓಡಿಸುವ ವಿಷಯ ಹೇಳುತ್ತೇನೆ.

ಗಾಡಿ ಕೈಗೆ ಬಂದ ಕೂಡಲೇ ಟೈರಿನ ಗಾಳಿ ನೋಡಿ, ಟೈರು ತಣ್ಣಗಿದ್ದಾಗ. ಬಾಡಿಗೆ ಪಿಕಪ್‌ಗಳಲ್ಲಿ ಹಿಂದಿನ ಟೈರಿಗೆ ಪೂರ್ತಿ ಲೋಡಿನ ಗಾಳಿ ತುಂಬಿಸಿಟ್ಟಿರುವುದು ಸಾಮಾನ್ಯ. ಹಾಗೇ ಖಾಲಿ ಓಡಿಸಿದರೆ ಹಿಂಭಾಗ ಎತ್ತಿ ಎತ್ತಿ ಹಾಕುತ್ತದೆ, ‘ಈ ಗಾಡಿ ಸಸ್ಪೆನ್ಷನ್ ಸರಿಯಿಲ್ಲ’ ಅಂತ ತೀರ್ಮಾನಿಸಿಬಿಡುತ್ತೀರಿ. ಬಾಗಿಲ ಕಂಬದ ಸ್ಟಿಕರ್‌ನಲ್ಲಿ ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ಬೇರೆ ಬೇರೆ ಕೊಟ್ಟಿದ್ದರೆ ಆಯಾ ದಿನಕ್ಕೆ ಅದರಂತೆ ಹಾಕಿ. ಆಮೇಲೂ ಖಾಲಿಯಲ್ಲಿ ಸ್ವಲ್ಪ ಕುಲುಕುತ್ತದೆ. ಒಂದು ಟನ್ ಹೊರಲು ಮಾಡಿದ ಲೀಫ್ ಸ್ಪ್ರಿಂಗ್ ಖಾಲಿಯಲ್ಲಿ ಮಣಿಯುವುದಿಲ್ಲ, ಅದು ದೋಷವಲ್ಲ. ನೀವು ಕೇಳಿಕೊಳ್ಳಬೇಕಾದದ್ದು ವಾರದ ಆರು ದಿನ ಖಾಲಿ ಓಡಿಸಲು ಇದು ಒಪ್ಪಿಗೆಯೇ ಅಂತ. ಅದಕ್ಕೇ ಮನೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಎರಡು ಗಂಟೆ ಹೋಗಿಬನ್ನಿ. ಡಬಲ್ ಕ್ಯಾಬ್‌ನ ಹಿಂದಿನ ಸೀಟಿನ ಬೆನ್ನು ಕಾರಿಗಿಂತ ನೆಟ್ಟಗಿರುತ್ತದೆ, ಅರ್ಧ ಗಂಟೆಯಲ್ಲಿ ಅದು ಗೊತ್ತಾಗುವುದಿಲ್ಲ.

ಲೋಡು ಹಾಕುವ ಮೊದಲು ಹಿಂದಿನ ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿಗೆ ಎಷ್ಟಿದೆ ಅಳೆದು ಬರೆದಿಡಿ, ಲೋಡು ಹಾಕಿದ ಮೇಲೆ ಮತ್ತೆ ಅಳೆಯಿರಿ. ಚಾಸಿಗೆ ಅಂಟಿದ ರಬ್ಬರ್ ಬಂಪ್ ಸ್ಟಾಪ್‌ಗೂ ಆಕ್ಸಲ್‌ಗೂ ನಡುವೆ ಇನ್ನೆಷ್ಟು ಜಾಗ ಉಳಿದಿದೆ ಬಗ್ಗಿ ನೋಡಿ. ನಿಂತಲ್ಲೇ ಅದು ಮುಟ್ಟುವ ಹಾಗಿದ್ದರೆ ಪ್ರತಿ ಗುಂಡಿಗೂ ಧಡ್ ಅನ್ನುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು, ಕೊಂಡ ಮೇಲೆ ಬಹಳ ಜನ ಮಾಡುವ ಕೆಲಸ ಅದು. ಹಿಂದೆ ಇಳಿಯುತ್ತದೆ ಅಂತ ಲೀಫ್ ಸ್ಪ್ರಿಂಗ್‌ಗೆ ಒಂದು ಪ್ಲೇಟು ಹೆಚ್ಚಿಗೆ ಹಾಕಿಸುತ್ತಾರೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿನ ಒತ್ತಡ ನಿರ್ಧರಿಸುವ ಒಂದು ವಾಲ್ವ್ ಚಾಸಿಯಲ್ಲಿರುತ್ತದೆ, ಅದರ ಕಡ್ಡಿ ಆಕ್ಸಲ್‌ಗೆ ಸೇರಿರುತ್ತದೆ. ಬಾಡಿ ಇಳಿದಷ್ಟೂ ‘ಲೋಡಿದೆ’ ಅಂತ ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪ್ಲೇಟು ಹೆಚ್ಚಿಸಿದರೆ ಲೋಡಿದ್ದರೂ ಬಾಡಿ ಇಳಿಯುವುದಿಲ್ಲ, ವಾಲ್ವ್ ಗಾಡಿ ಖಾಲಿ ಅಂದುಕೊಳ್ಳುತ್ತದೆ, ಬೇಕಾದಾಗಲೇ ಹಿಂದಿನ ಬ್ರೇಕು ಕಡಿಮೆ ಹಿಡಿಯುತ್ತದೆ. ಪ್ಲೇಟು ಹಾಕಿಸಿದರೆ ಆ ಕಡ್ಡಿಯನ್ನೂ ಹೊಂದಿಸಲೇಬೇಕು. ಹೊಸ ಗಾಡಿಗಳಲ್ಲಿ ಈ ಕೆಲಸವನ್ನು ಎಬಿಎಸ್ ಜೊತೆಗಿನ ಇಬಿಡಿ (ಬ್ರೇಕಿನ ಒತ್ತಡ ಹಂಚುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಮಾಡುತ್ತದೆ, ಕಡ್ಡಿ ಇರುವುದಿಲ್ಲ. ಬಾಡಿಗೆ ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಯಾವುದಿದೆ ತಿಳಿಯುತ್ತದೆ.

ಲೋಡಿನ ದಿನ ಹುಡುಕಿಕೊಂಡು ಹೋಗಬೇಕಾದದ್ದು ಏರು. ನಿಮ್ಮ ದಾರಿಯಲ್ಲಿರುವ ಅತಿ ಕಡಿದಾದ ಏರಿನ ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಪೆಡಲ್ ಬಿಡಿ. ಹ್ಯಾಂಡ್‌ಬ್ರೇಕ್ ಒಂದೇ ಹಿಡಿದು ನಿಲ್ಲಿಸಬೇಕು. ಅಲ್ಲಿಂದ ಮೊದಲ ಗೇರಿನಲ್ಲಿ ಹೊರಡಿ. ಕ್ಲಚ್ ಎಷ್ಟು ಹೊತ್ತು ಅರ್ಧಕ್ಕೆ ಹಿಡಿಯಬೇಕಾಯಿತು ಗಮನಿಸಿ. ಅದಕ್ಕಿಂತ ಕಷ್ಟದ್ದು ಲೋಡಿನ ಜೊತೆ ಏರಿನಲ್ಲಿ ರಿವರ್ಸ್ ಹತ್ತಿಸುವುದು. ಕೆಲಸದ ಜಾಗಕ್ಕೆ ಹಿಮ್ಮುಖವಾಗಿ ಹೋಗುವ ದಾರಿ ಏರಿದ್ದರೆ ಅದನ್ನೇ ಒಮ್ಮೆ ಮಾಡಿ ನೋಡಿ, ಆದರೆ ಸುಟ್ಟ ವಾಸನೆ ಬಂದರೆ ನಿಲ್ಲಿಸಿ. ಬಾಡಿಗೆ ಗಾಡಿಯ ಕ್ಲಚ್ ಸುಟ್ಟರೆ ಹೊಣೆ ನಿಮ್ಮದಾಗುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಬಿಟ್ಟು ಎಂಜಿನ್ ಎಷ್ಟು ತಡೆಯುತ್ತದೆ ನೋಡಿ. ಬ್ರೇಕ್ ಒತ್ತಿಕೊಂಡೇ ಇಳಿಯುವ ಗಾಡಿ ಲೋಡಿಗೆ ಸಲ್ಲುವುದಿಲ್ಲ.

ಮೈಲೇಜ್ ಅಳೆಯುವುದಾದರೆ ಕನಿಷ್ಠ 200 ಕಿಮೀ ಆಗಲಿ. ಲೀಟರಿಗೆ 12 ಕೊಡುವ ಗಾಡಿ 60 ಕಿಮೀಗೆ ಕುಡಿಯುವುದು 5 ಲೀಟರ್. ತುಂಬಿಸುವಾಗ ಒಂದು ಲೀಟರ್ ಹೆಚ್ಚುಕಡಿಮೆ ಆದರೆ ಲೆಕ್ಕ 20 ಪರ್ಸೆಂಟ್ ತಪ್ಪುತ್ತದೆ. 240 ಕಿಮೀ ಓಡಿಸಿದರೆ ಅದೇ ತಪ್ಪು 5 ಪರ್ಸೆಂಟ್. ಎರಡು ಸಲವೂ ಒಂದೇ ಪಂಪು, ನಾಝಲ್ ತಾನಾಗಿ ನಿಂತ ಕೂಡಲೇ ಸಾಕು. ಡೀಸೆಲ್ ನೊರೆ ಬರುತ್ತದೆ, ಮೇಲೆ ಮೇಲೆ ತುಂಬಿಸಲು ಹೋದರೆ ಲೆಕ್ಕ ಕೆಡುತ್ತದೆ.

ಬಾಡಿಗೆಯಲ್ಲಿ ಗೊತ್ತಾಗದ ವಿಷಯವೂ ಇದೆ. ಈಗಿನ ಡೀಸೆಲ್‌ಗಳಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುತ್ತದೆ. ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ನಿಲ್ಲದೆ ಓಡಬೇಕು. ದಿನಾ ಮೂರು ನಾಲ್ಕು ಕಿಮೀ ಓಡಿಸಿ ನಿಲ್ಲಿಸುವುದೇ ನಿಮ್ಮ ಬಳಕೆ ಆದರೆ ಮೂರು ದಿನದ ಬಾಡಿಗೆಯಲ್ಲಿ ಏನೂ ಆಗುವುದಿಲ್ಲ, ಸ್ವಂತ ಗಾಡಿಯಲ್ಲಿ ಕೆಲವು ತಿಂಗಳಿಗೆ ದೀಪ ಹತ್ತುತ್ತದೆ. ಅಂಥ ಬಳಕೆಗೆ ಪೆಟ್ರೋಲ್ ಸಿಗುತ್ತದೆಯೇ ನೋಡಿ.

ಫೋರ್ ವೀಲ್ ಡ್ರೈವ್ ಇರುವುದನ್ನು ಕೊಟ್ಟರೆ ಒಣ ಟಾರು ರಸ್ತೆಯಲ್ಲಿ ಅದನ್ನು ಹಾಕಬೇಡಿ. ಈ ವರ್ಗದ ಹೆಚ್ಚಿನವುಗಳಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಹೋಗಬೇಕಾದಾಗ ಎರಡಕ್ಕೂ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ.

---

ಷರತ್ತು_ಓದಿ ಉತ್ತರ:

ಕರಾರಿನ ಬಗ್ಗೆ ಕೇಳಿದ್ದೀರಿ. ‘ಅಥವಾ ಅದೇ ವರ್ಗದ ವಾಹನ’ ಅನ್ನುವ ಸಾಲು ಇದ್ದೇ ಇರುತ್ತದೆ. ನೀವು ಕಾಯ್ದಿರಿಸಿದ್ದು ಒಂದು ಮಾಡೆಲ್, ಕೈಗೆ ಬರುವುದು ಇನ್ನೊಂದು. ಪರೀಕ್ಷೆಗೆ ಅಂತಲೇ ತರುವವರು ಎಂಜಿನ್, ಗೇರ್‌ಬಾಕ್ಸ್, ಕ್ಯಾಬ್ ಮೂರನ್ನೂ ಲಿಖಿತವಾಗಿ ಕೇಳಿ ಪಡೆಯಬೇಕು. ಆಗುವುದಿಲ್ಲ ಅಂದರೆ ಬೇರೆ ಕಡೆ ಹುಡುಕಿ. ಆಟೋಮ್ಯಾಟಿಕ್ ಓಡಿಸಿ ಮ್ಯಾನ್ಯುವಲ್ ಕೊಂಡರೆ ಈ ಪರೀಕ್ಷೆ ಯಾತಕ್ಕೂ ಬರಲಿಲ್ಲ.

ಸರಕು ಸಾಗಿಸಬಹುದೇ, ಟೋ ಮಾಡಬಹುದೇ, ಮಣ್ಣು ರಸ್ತೆಗೆ ಇಳಿಸಬಹುದೇ ಎಂಬ ಮೂರಕ್ಕೂ ಸ್ಪಷ್ಟ ಉತ್ತರ ಬರೆಸಿಕೊಳ್ಳಿ. ಕಾರು ಬಾಡಿಗೆಯವರು ಪಿಕಪ್ ಕೊಟ್ಟರೂ ವಾಣಿಜ್ಯ ಸರಕು ಬೇಡ ಅನ್ನಬಹುದು. ಅಂಥದ್ದರಲ್ಲಿ ಪ್ಲೈವುಡ್ ಹೇರಿ ಅಪಘಾತವಾದರೆ ವಿಮೆ ಕೈ ಎತ್ತುತ್ತದೆ. ‘ಡ್ಯಾಮೇಜ್ ಮನ್ನಾ’ ತೆಗೆದುಕೊಂಡರೂ ಟೈರು, ಗಾಜು, ಗಾಡಿಯ ಅಡಿಭಾಗ, ಮೇಲ್ಛಾವಣಿ ಹಲವು ಕರಾರುಗಳಲ್ಲಿ ಹೊರಗೆ. ಬಾಡಿಯೊಳಗಿನ ಗೀರು ಯಾರ ಲೆಕ್ಕ ಅಂತ ಕೇಳಿ. ನಿಮ್ಮ ಸ್ವಂತ ಕಾರಿನ ವಿಮೆ ಬಾಡಿಗೆ ಗಾಡಿಗೂ ಅನ್ವಯಿಸುತ್ತದೆ ಅಂತ ನಂಬಿಕೊಂಡಿದ್ದರೆ ಅದರಲ್ಲಿ ಪಿಕಪ್ ಸೇರಿದೆಯೇ ಅಂತ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಪಡೆಯುವಾಗ ಖಾಲಿ ಬಾಡಿಯ ನೆಲ, ನಾಲ್ಕು ಗೋಡೆ, ಹಿಂದಿನ ಡೋರಿನ ಒಳಮುಖ, ನಾಲ್ಕೂ ಟೈರಿನ ಹೊರ ಅಂಚು, ಓಡೋಮೀಟರ್, ಇಂಧನದ ಮುಳ್ಳು ಎಲ್ಲದರ ಫೋಟೋ ತೆಗೆಯಿರಿ. ಪ್ಲಾಸ್ಟಿಕ್ ಲೈನರ್ ಹಾಕಿದ್ದರೆ ಅದರ ಕೆಳಗೆ ಏನಿದೆ ಕಾಣುವುದಿಲ್ಲ, ಅದನ್ನೂ ಬರೆಸಿ. ಹಲಗೆ ಹಾಕುವ ಮೊದಲು ದಪ್ಪ ರಬ್ಬರ್ ಚಾಪೆ ಹಾಸಿ. ತಗಡು ಉಳಿಯುತ್ತದೆ, ಹಲಗೆ ಜಾರುವುದೂ ತಪ್ಪುತ್ತದೆ. ಕಿಮೀ ಮಿತಿ ಎಷ್ಟು, ಮೀರಿದರೆ ದರ ಎಷ್ಟು ಅಂತಲೂ ನೋಡಿ, ಮೈಲೇಜ್ ಪರೀಕ್ಷೆಗೇ 240 ಹೋಗುತ್ತದೆ.

---

ಮರ_ಉಳಿ:

ಕೀಲೆಣ್ಣೆ ಸರ್, ಆಕ್ಸಲ್ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ತುಂಬಾ ಉಪಕಾರ. ಎರಡು ಸಂಶಯ. ವಿಚಾರಿಸಿದ ಕಡೆಯೆಲ್ಲ ಬಾಡಿಗೆಗೆ ಡಬಲ್ ಕ್ಯಾಬ್ ಮಾತ್ರ ಇದೆ. ಅದನ್ನು ತಂದು ಓಡಿಸಿ ಸಿಂಗಲ್ ಕ್ಯಾಬ್ ಬಗ್ಗೆ ತೀರ್ಮಾನ ಮಾಡಬಹುದೇ? ಡಬಲ್ ಕ್ಯಾಬ್‌ನಲ್ಲೇ ಹಿಂದಿನ ಡೋರು ಇಳಿಸಿ ಹಲಗೆ ಹಾಕಿದರೆ ನಡೆಯುವುದಿಲ್ಲವೇ?

---

ಕೀಲೆಣ್ಣೆ ಉತ್ತರ:

ಅರ್ಧ ಮಾಡಬಹುದು. ಒಂದೇ ಕಂಪನಿಯ ಒಂದೇ ತಲೆಮಾರಿನ ಗಾಡಿ, ಅದೇ ಎಂಜಿನ್ ಮತ್ತು ಗೇರ್‌ಬಾಕ್ಸ್ ಆದರೆ ಎಂಜಿನ್ ಎಳೆತ, ಮುಂದಿನ ಸೀಟು, ಸ್ಟಿಯರಿಂಗ್, ಸದ್ದು ಇವೆಲ್ಲ ಹೆಚ್ಚುಕಡಿಮೆ ಒಂದೇ. ವೀಲ್‌ಬೇಸ್ ಸಮವಿದ್ದರೆ ತಿರುಗಿಸುವ ಜಾಗವೂ ಅಷ್ಟೇ ಬೇಕು. ಲೋಡಿನ ನಡವಳಿಕೆ ಮಾತ್ರ ತಾಳೆಯಾಗುವುದಿಲ್ಲ. ಸಿಂಗಲ್ ಕ್ಯಾಬ್ ಬೇಕಾದರೆ ಕಾರು ಬಾಡಿಗೆಯವರನ್ನು ಬಿಟ್ಟು ಕಟ್ಟಡ ಕೆಲಸದ ಯಂತ್ರ, ಸಲಕರಣೆ ಬಾಡಿಗೆ ಕೊಡುವವರನ್ನು ಕೇಳಿ. ಅವರಲ್ಲಿ ಇರುವ ಸಾಧ್ಯತೆ ಹೆಚ್ಚು, ಲೋಡು ಹಾಕುವುದಕ್ಕೆ ತಕರಾರೂ ಕಡಿಮೆ.

ಡೋರು ಇಳಿಸುವ ವಿಷಯ. ಇಳಿಸಿದರೆ ಹೊರಚಾಚು ಅರ್ಧದಷ್ಟು ಕಡಿಮೆಯಾದ ಹಾಗೆ ಕಾಣುತ್ತದೆ. ಆದರೆ ಹಲಗೆಯ ನಡು ಒಂದಿಂಚೂ ಮುಂದೆ ಬರುವುದಿಲ್ಲ, 124 ಕೆಜಿ ಲೆಕ್ಕ ಹಾಗೇ ಇರುತ್ತದೆ. ಡೋರಿನ ಭಾರವನ್ನೆಲ್ಲ ಎರಡು ತೆಳು ಕೇಬಲ್ ಹಿಡಿದಿರುತ್ತವೆ. ನಿಂತ ಗಾಡಿಯಲ್ಲಿ ತಡೆಯುವ ಭಾರವನ್ನು ಗುಂಡಿಗೆ ಬಿದ್ದಾಗ ತಡೆಯುವುದಿಲ್ಲ, ಕೈಪಿಡಿಯಲ್ಲಿ ಅದರ ಮಿತಿ ಕೊಟ್ಟಿದ್ದಾರೆಯೇ ನೋಡಿ. ಅಡ್ಡಪಟ್ಟಿ ಮರಗಳು ಬಾಡಿಯ ನೆಲದ ಮೇಲೇ ನಿಲ್ಲಬೇಕು, ಡೋರಿಗೆ ಭಾರ ತಾಗಬಾರದು. ನಂಬರ್ ಪ್ಲೇಟು ಡೋರಿನಲ್ಲೇ ಇರುವ ಗಾಡಿಯಾದರೆ ಇಳಿಸಿದಾಗ ಅದು ಮರೆಯಾಗುತ್ತದೆ.

ಇನ್ನು ಪ್ಲೈವುಡ್ ಜಾರುವುದು ಹಿಂದಕ್ಕೆ, ಏರಿನಲ್ಲಿ ಹೊರಡುವಾಗ. ನುಣುಪು ಹಲಗೆ ಹಲಗೆಯ ಮೇಲೆ ಸರಿಯುತ್ತದೆ. ಅಡ್ಡಕ್ಕೆ ಎರಡು ರ‍್ಯಾಚೆಟ್ ಬೆಲ್ಟ್ ಬಿಗಿದರೆ ಸಾಲದು. ಹಿಂದಿನ ತುದಿಯನ್ನು ಸುತ್ತಿ ಮುಂದಿನ ಕೊಂಡಿಗಳಿಗೆ ಎಳೆದು ಕಟ್ಟುವ ಇನ್ನೊಂದು ಬೆಲ್ಟ್ ಬೇಕು. ಬೆಲ್ಟ್ ಅಂಚಿಗೆ ತಾಗುವಲ್ಲಿ ರಟ್ಟು ಅಥವಾ ಪ್ಲಾಸ್ಟಿಕ್ ಮೂಲೆ ಕೊಡದಿದ್ದರೆ ಮೇಲಿನ ಹಲಗೆಯ ಅಂಚು ಹಾಳು. ಬಾಡಿಗೆ ಗಾಡಿಯಲ್ಲಿ ಕೊಂಡಿಗಳು ಎಲ್ಲಿವೆ, ಗೋಡೆಯ ಮೇಲಂಚಿನಲ್ಲೋ ನೆಲದಲ್ಲೋ, ಅದನ್ನೂ ನೋಡಿ. ಮೇಲಂಚಿನಲ್ಲಿ ಮಾತ್ರ ಇದ್ದರೆ ತಗ್ಗಿನ ಲೋಡನ್ನು ಕೆಳಕ್ಕೆ ಒತ್ತಿ ಕಟ್ಟಲು ಬರುವುದಿಲ್ಲ.

ಐದಾರು ಹಲಗೆ ಮಾತ್ರ ತರುವುದಾದರೆ ಡಬಲ್ ಕ್ಯಾಬ್ ಸಾಕು ಅನ್ನುತ್ತಿದ್ದೆ. ಹದಿನೈದಕ್ಕೆ ಬೇಡ.

---

ಎರಡು_ಚಕ್ರ_ಹಿಂದೆ ಉತ್ತರ:

ಒಂದು ಸಾಧ್ಯತೆಯನ್ನು ಯಾರೂ ಹೇಳಲಿಲ್ಲ. ಈಗಿರುವ ಕಾರಿಗೆ ಟೋ ಹುಕ್ ಹಾಕಿಸಲು ಅನುಮತಿ ಇದ್ದು, ಅದರ ಎಳೆಯುವ ಮಿತಿ ಸಾಕಷ್ಟಿದ್ದರೆ ಬ್ರೇಕ್ ಇರುವ ಟ್ರೈಲರ್ ನೋಡಿ. 2.5 ಮೀಟರ್ ಉದ್ದದ ಟ್ರೈಲರ್‌ನಲ್ಲಿ ನಿಮ್ಮ ಹಲಗೆ ಪೂರ್ತಿ ಒಳಗೆ ಮಲಗುತ್ತದೆ, ನೆಲವೂ ತಗ್ಗು, ಒಬ್ಬರೇ ಇಳಿಸಬಹುದು. ಮನೆಯವರಿಗೆ ಕಾರು ಕಾರಾಗಿಯೇ ಉಳಿಯುತ್ತದೆ. ಟ್ರೈಲರ್‌ಗೆ ನಿಮ್ಮ ಲೈಸೆನ್ಸ್ ಸಾಕೇ ಅಂತ ಮೊದಲು ನೋಡಿಕೊಳ್ಳಿ. ಕೊಂಡಿಯ ಮೇಲೆ ಬೀಳುವ ಭಾರ ಟ್ರೈಲರ್ ತೂಕದ ಹತ್ತನೇ ಒಂದು ಭಾಗದ ಆಸುಪಾಸು ಇರಲಿ, ಆದರೆ ಕಾರು ಮತ್ತು ಕೊಂಡಿಗೆ ಬರೆದಿರುವ ಮಿತಿ ಮೀರಬಾರದು. ಭಾರ ಹಿಂದಕ್ಕೆ ಹೆಚ್ಚಾದರೆ ವೇಗದಲ್ಲಿ ಟ್ರೈಲರ್ ಬಾಲ ಬೀಸಲು ಶುರುಮಾಡುತ್ತದೆ. ಟ್ರೈಲರ್ ಕೂಡ ಬಾಡಿಗೆಗೆ ಸಿಗುತ್ತದೆ, ಪಿಕಪ್ ಪರೀಕ್ಷಿಸುವ ವಾರದಲ್ಲೇ ಒಂದು ದಿನ ಇದನ್ನೂ ತಂದು ಅದೇ ಹದಿನೈದು ಹಲಗೆ ಸಾಗಿಸಿ ನೋಡಿ. ರಿವರ್ಸ್ ಹಾಕುವುದು ನಿಮಗೆ ಒಗ್ಗುತ್ತದೆಯೇ ಅನ್ನುವುದೇ ಇದರಲ್ಲಿ ದೊಡ್ಡ ಪ್ರಶ್ನೆ.

ಪಿಕಪ್ ಕೊಳ್ಳಲೇಬೇಕೇ ಅನ್ನುವುದಕ್ಕೂ ಲೆಕ್ಕ ಸುಲಭ. ಗಾಡಿ ಓಡಲಿ ಬಿಡಲಿ ವರ್ಷಕ್ಕೆ ತಗಲುವ ಖರ್ಚು, ಅಂದರೆ ಬೆಲೆ ಇಳಿತ, ವಿಮೆ, ತೆರಿಗೆ, ಸಾಲದ ಬಡ್ಡಿ ಎಲ್ಲ ಕೂಡಿಸಿ. ಅದನ್ನು ಒಂದು ದಿನದ ಬಾಡಿಗೆಯಿಂದ ಸ್ವಂತ ಗಾಡಿಯ ಒಂದು ದಿನದ ಟೈರು-ಸರ್ವಿಸ್ ಖರ್ಚು ಕಳೆದು ಉಳಿದ ಮೊತ್ತದಿಂದ ಭಾಗಿಸಿ. ಇಂಧನ ಎರಡೂ ಕಡೆ ಇರುವುದರಿಂದ ಬಿಟ್ಟುಬಿಡಿ. ಬರುವ ಅಂಕಿ ವರ್ಷಕ್ಕೆ ಇಷ್ಟು ದಿನ ಬಳಸಿದರೆ ಸರಿಸಮ ಅಂತ. ವಾರಕ್ಕೊಂದು ಲೋಡಿಗೆ ನಿಮ್ಮದು 52 ದಿನ, ತಲುಪಿಸುವ ದಿನಗಳನ್ನು ಅದಕ್ಕೆ ಸೇರಿಸಿ. ಲೆಕ್ಕದಲ್ಲಿ 150 ಬಂದರೆ ಸದ್ಯಕ್ಕೆ ಬಾಡಿಗೆಯೇ ಇರಲಿ, 60 ಬಂದರೆ ಸಿಂಗಲ್ ಕ್ಯಾಬ್ ನೋಡಲು ಹೊರಡಿ. ಹೋಗುವಾಗ ಟೇಪು ಮರೆಯಬೇಡಿ. ನಿಲ್ಲಿಸುವ ಜಾಗದ ಉದ್ದವನ್ನೂ ಬರೆದುಕೊಂಡು ಹೋಗಿ. ಈ ವರ್ಗದ ಗಾಡಿಗಳು 5.3 ಮೀಟರ್ ಆಸುಪಾಸು ಇರುತ್ತವೆ, 5 ಮೀಟರ್ ಜಾಗದಲ್ಲಿ ಮೂತಿಯೋ ಹಿಂಭಾಗವೋ ಒಂದಡಿ ಹೊರಗೇ ನಿಲ್ಲುತ್ತದೆ.